ದುಡ್ಡು ಕೊಟ್ಟು ಮೈ ನೋಯಿಸಿಕೊಳ್ಳುವ ರಜೆ ಮನಸ್ಸಿಗೆ ಯಾಕೆ ಹಗುರ?

ಶುಕ್ರವಾರ ರಾತ್ರಿ ಹತ್ತರ ಮೇಲೆ ಬೆಂಗಳೂರಿನ ಮೆಜೆಸ್ಟಿಕ್ ಕಡೆ ಒಂದು ಸುತ್ತು ಹೋಗಿ ನೋಡಿ. ಬೆನ್ನಿಗೆ ದೊಡ್ಡ ಬ್ಯಾಗು, ಕಾಲಿಗೆ ದಪ್ಪ ಅಟ್ಟೆಯ ಶೂ, ಬ್ಯಾಗಿನ ಪಕ್ಕಕ್ಕೆ ಸಿಕ್ಕಿಸಿದ ನೀರಿನ ಬಾಟಲಿ. ಇವರೆಲ್ಲ ಕುಕ್ಕೆಗೋ, ಕಳಸಕ್ಕೋ, ದಾಂಡೇಲಿಗೋ ಹೊರಟವರು. ಭಾನುವಾರ ರಾತ್ರಿ ಇದೇ ಜನ ಕುಂಟುತ್ತಾ ವಾಪಸ್ ಬರುತ್ತಾರೆ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಕೇಳುವ ಪ್ರಶ್ನೆ ಮಾತ್ರ ಒಂದೇ: "ದುಡ್ಡು ಕೊಟ್ಟು ಕಾಲುನೋವು ತಗೊಂಡು ಬಂದ್ಯಲ್ಲೋ, ರಜೆ ಅಂದ್ರೆ ಆರಾಮಾಗಿ ಮನೇಲಿ ಮಲಗೋದಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ವಾರವಿಡೀ ದುಡಿದವರಿಗೆ ಬೇಕಾದದ್ದು ವಿಶ್ರಾಂತಿ. ಬೆಟ್ಟ ಹತ್ತುವುದು, ಅಲೆಗೆ ಎದೆ ಕೊಡುವುದು, ನದಿಯಲ್ಲಿ ಹುಟ್ಟು ಹಾಕುವುದು ಯಾವ ಲೆಕ್ಕದಲ್ಲೂ ವಿಶ್ರಾಂತಿ ಅಲ್ಲ. ಆದರೂ ಮೈ ಹಣ್ಣಾಗಿ ಬಂದವರ ಮುಖದಲ್ಲಿ ಒಂದು ಕಳೆ ಇರುತ್ತದೆ. ಎರಡು ದಿನ ಸೋಫಾದ ಮೇಲೆ ಮೊಬೈಲ್ ತಿಕ್ಕುತ್ತಾ ಕಳೆದವರಲ್ಲಿ ಅದು ಕಾಣುವುದಿಲ್ಲ.

ಇದಕ್ಕೆ ಒಳ್ಳೆಯ ವಿವರಣೆ ಸಿಗುವುದು ಪ್ರವಾಸದ ಪುಸ್ತಕಗಳಲ್ಲಿ ಅಲ್ಲ, ಕೆಲಸದ ದಣಿವನ್ನು ಅಧ್ಯಯನ ಮಾಡುವ ಮನಶ್ಶಾಸ್ತ್ರಜ್ಞರ ಹತ್ತಿರ. ಸಬೀನೆ ಸೊನ್ನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ ಎಂಬ ಇಬ್ಬರು 2007ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ದಣಿದ ಮನಸ್ಸು ಚೇತರಿಸಿಕೊಳ್ಳುವುದಕ್ಕೆ ನಾಲ್ಕು ಬಗೆಯ ಅನುಭವ ನೆರವಾಗುತ್ತದೆ ಎಂದರು. ಕೆಲಸದ ಯೋಚನೆಯಿಂದ ಪೂರ್ತಿ ಬಿಡಿಸಿಕೊಳ್ಳುವುದು ಮೊದಲನೆಯದು. ಮೈಮನಸ್ಸು ಸಡಿಲಾಗುವುದು ಎರಡನೆಯದು. ಹೊಸದೇನನ್ನೋ ಕಲಿತು ಅದು ಕೈಗೆ ಹತ್ತುವುದು ಮೂರನೆಯದು. ನನ್ನ ಹೊತ್ತು ನನ್ನ ಕೈಯಲ್ಲಿದೆ, ಏನು ಮಾಡಬೇಕೆಂದು ನಾನೇ ನಿರ್ಧರಿಸುತ್ತೇನೆ ಎನ್ನುವ ಭಾವ ನಾಲ್ಕನೆಯದು. ಮನೆಯಲ್ಲಿ ಮಲಗುವ ರಜೆಯಲ್ಲಿ ಎರಡನೆಯದು ಸಿಗುತ್ತದೆ, ನಾಲ್ಕನೆಯದೂ ಸಿಗಬಹುದು. ಮೊದಲನೆಯದು ಮತ್ತು ಮೂರನೆಯದಕ್ಕೆ ಮಾತ್ರ ಒದ್ದಾಡಬೇಕು. ಮೈ ಬಳಸುವ ರಜೆ ಗೆಲ್ಲುವುದು ಅಲ್ಲೇ.

ಮೊದಲನೆಯದನ್ನೇ ತೆಗೆದುಕೊಳ್ಳಿ. ಆಫೀಸಿನಿಂದ ದೇಹ ಹೊರಬಂದಷ್ಟು ಸುಲಭವಾಗಿ ಮನಸ್ಸು ಹೊರಬರುವುದಿಲ್ಲ. ಮ್ಯಾನೇಜರ್ ಮೀಟಿಂಗಿನಲ್ಲಿ ಅಂದ ಒಂದು ಮಾತು, ಉತ್ತರ ಬಾರದ ಒಂದು ಮೇಲ್, ಕಟ್ಟಬೇಕಾದ ಕಂತು. ಕೈಗೆ ಕೆಲಸ ಇಲ್ಲದೆ ಕೂತಾಗ ಇವೆಲ್ಲ ಒರಳಿನ ಗುಂಡಿನ ಹಾಗೆ ಅಲ್ಲಲ್ಲೇ ಸುತ್ತುತ್ತವೆ. "ಅದನ್ನ ಯೋಚಿಸಬೇಡ, ಬಿಡು" ಎಂದು ಎಷ್ಟು ಹೇಳಿಕೊಂಡರೂ ಅದು ಬಿಡುವುದಿಲ್ಲ. ಹಾಗೆ ಹೇಳಿಕೊಳ್ಳುವುದೂ ಅದರ ಬಗ್ಗೆಯೇ ಯೋಚಿಸಿದಂತೆ. ಮನಸ್ಸಿಗೆ ಬೇರೆ ಕೆಲಸ ಕೊಡಬೇಕು. ಅದೂ ಅರ್ಧ ಗಮನದಲ್ಲಿ ಮುಗಿಯುವ ಕೆಲಸ ಆಗಬಾರದು. ಟಿ.ವಿ. ನೋಡುತ್ತಾ ಚಿಂತೆ ಮಾಡಬಹುದು. ಊಟ ಮಾಡುತ್ತಾ ಚಿಂತೆ ಮಾಡಬಹುದು. ಅಲೆಯ ಮೇಲೆ ಎದ್ದು ನಿಲ್ಲುತ್ತಾ ಚಿಂತೆ ಮಾಡುವುದಕ್ಕೆ ಆಗುವುದಿಲ್ಲ.

ಮಂಗಳೂರಿನಿಂದ ಉತ್ತರಕ್ಕೆ ಹೋದರೆ ಶಾಂಭವಿ ನದಿಯ ತಡಿಯಲ್ಲಿ ಸಿಗುವ ಮುಲ್ಕಿ, ಭಾರತದಲ್ಲಿ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವ ಆಟ, ಬೇರು ಬಿಟ್ಟ ಊರುಗಳಲ್ಲಿ ಒಂದು. ಅಮೆರಿಕದಿಂದ ಬಂದ ಜಾಕ್ ಹೆಬ್ನರ್ ಎಂಬ ಸ್ವಾಮೀಜಿ 2004ರ ಹೊತ್ತಿಗೆ ಇಲ್ಲಿ ಸರ್ಫಿಂಗ್ ಆಶ್ರಮ ಶುರು ಮಾಡಿದರು. ಭಜನೆಯೂ ಉಂಟು, ಅಲೆಯೂ ಉಂಟು. ಈಗ ಕರಾವಳಿಯ ಹುಡುಗರೇ ತರಬೇತುದಾರರಾಗಿದ್ದಾರೆ.

ಮೊದಲ ಪಾಠ ನೀರಿನಲ್ಲಿ ಅಲ್ಲ, ಮರಳಿನ ಮೇಲೆ. ಬೋರ್ಡಿನ ಮೇಲೆ ಹೊಟ್ಟೆ ಹಚ್ಚಿ ಮಲಗಬೇಕು. ಅಂಗೈ ಪಕ್ಕೆಲುಬಿನ ಪಕ್ಕ ಊರಬೇಕು. ಎದೆ ಎತ್ತಿ, ಒಂದೇ ಏಟಿಗೆ ಮೇಲೆದ್ದು, ಮಂಡಿ ಬಗ್ಗಿಸಿ, ಅಡ್ಡಕ್ಕೆ ನಿಲ್ಲಬೇಕು. ಮರಳಿನ ಮೇಲೆ ಇದು ಸಲೀಸು. ಆಮೇಲೆ ಕಾಲಿನ ಗಂಟಿಗೆ ಬೋರ್ಡಿನ ಹಗ್ಗ ಬಿಗಿದು, ಸೊಂಟದ ಮಟ್ಟದ ನೀರಿಗೆ ಇಳಿಸುತ್ತಾರೆ. ಒಡೆದು ಬಿಳಿ ನೊರೆಯಾಗಿ ಬರುವ ಅಲೆಯನ್ನು ನೋಡಿಕೊಂಡು ತರಬೇತುದಾರ ಬೋರ್ಡನ್ನು ಹಿಂದಿನಿಂದ ತಳ್ಳುತ್ತಾನೆ. "ಏಳಿ, ಏಳಿ, ಕೆಳಗೆ ನೋಡ್ಬೇಡಿ, ದಡ ನೋಡಿ!" ನೀವು ಕೆಳಗೇ ನೋಡುತ್ತೀರಿ. ನೋಡಿದ ಕಡೆಗೇ ಬೀಳುತ್ತೀರಿ. ಮೂಗಿನೊಳಗೆ ಉಪ್ಪುನೀರು, ಬಾಯಲ್ಲಿ ಮರಳು. ಕಣ್ಣು ಒರೆಸಿಕೊಂಡು ತಿರುಗುವಷ್ಟರಲ್ಲಿ ಇನ್ನೊಂದು ಅಲೆ. ಈ ಹೊತ್ತಿನಲ್ಲಿ ಆಫೀಸಿನ ಮೇಲ್ ಯಾರಿಗೆ ನೆನಪಾಗುತ್ತದೆ? ಕೈ ಎಲ್ಲಿಡಬೇಕು, ಯಾವ ಕಾಲು ಮುಂದೆ, ಅಲೆ ಎಷ್ಟು ದೂರ ಇದೆ ಎನ್ನುವುದರಲ್ಲೇ ಮಿದುಳು ತುಂಬಿ ಹೋಗಿರುತ್ತದೆ. ಮೊಬೈಲ್ ಬೇರೆ ದಡದಲ್ಲಿ, ಬ್ಯಾಗಿನೊಳಗೆ.

ಸರ್ಫಿಂಗ್ ಇದರ ಜೋರಾದ ರೂಪ. ನಡಿಗೆಯಲ್ಲಿ ಇದೇ ಕೆಲಸ ಮೆತ್ತಗೆ ನಡೆಯುತ್ತದೆ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರೆಗರಿ ಬ್ರಾಟ್‌ಮನ್ ಮತ್ತು ಜೊತೆಗಾರರು ಪಟ್ಟಣದ ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮರಗಿಡಗಳ ನಡುವೆ 90 ನಿಮಿಷ ನಡೆಯಿತು. ಇನ್ನೊಂದು ಅಷ್ಟೇ ಹೊತ್ತು ವಾಹನ ಓಡಾಡುವ ರಸ್ತೆಯ ಪಕ್ಕ ನಡೆಯಿತು. ಮರಗಳ ನಡುವೆ ನಡೆದವರಲ್ಲಿ, ಕೆಟ್ಟದ್ದನ್ನೇ ತಿರುಗಿಸಿ ಮುರುಗಿಸಿ ಯೋಚಿಸುವ ಚಾಳಿ ಕಡಿಮೆಯಾಗಿತ್ತು. ಆ ಚಾಳಿಯ ಜೊತೆ ನಂಟಿರುವ, ಹಣೆಯ ಹಿಂದಿನ ಮಿದುಳಿನ ಒಂದು ಭಾಗದ ಚಟುವಟಿಕೆಯೂ ಇಳಿದಿತ್ತು. ರಸ್ತೆ ಪಕ್ಕ ನಡೆದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಅಂದರೆ ನಡಿಗೆಯೊಂದೇ ಸಾಲದು, ಎಲ್ಲಿ ನಡೆದಿರಿ ಎನ್ನುವುದಕ್ಕೂ ಬೆಲೆ ಇದೆ. ನಗರದ ರಸ್ತೆಯಲ್ಲಿ ಹಾರ್ನ್, ಗುಂಡಿ, ಎದುರು ಬರುವ ಬೈಕ್ ಎಲ್ಲವನ್ನೂ ಗಮನಿಸುತ್ತಲೇ ಇರಬೇಕು. ಕಾಡಿನಲ್ಲಿ ಹಾಗಲ್ಲ. ಎಲೆ ಅಲ್ಲಾಡುತ್ತದೆ, ಹಕ್ಕಿ ಕೂಗುತ್ತದೆ, ಕಣ್ಣು ಅತ್ತ ಹೊರಳುತ್ತದೆ, ಮತ್ತೆ ದಾರಿಗೆ ಬರುತ್ತದೆ. ಇಂಥ ಬಲವಂತವಿಲ್ಲದ ಗಮನ ದಣಿದ ಏಕಾಗ್ರತೆಗೆ ಬಿಡುವು ಕೊಡುತ್ತದೆ ಎಂದು ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ 1980ರ ದಶಕದಲ್ಲೇ ವಾದಿಸಿದ್ದರು.

ಇನ್ನು ರಸಾಯನದ ಮಾತು. ಬೆವರು ಹರಿದ ಮೇಲೆ ಬರುವ ಹಿತಕ್ಕೆಲ್ಲ ಎಂಡಾರ್ಫಿನ್ ಎಂಬ, ನೋವು ತಗ್ಗಿಸಲು ದೇಹವೇ ತಯಾರಿಸುವ ವಸ್ತು ಕಾರಣ ಎಂದು ಜಿಮ್ಮಿನ ಗೋಡೆಯಿಂದ ವಾಟ್ಸಾಪಿನವರೆಗೆ ಎಲ್ಲ ಕಡೆ ಓದಿರುತ್ತೀರಿ. ಸಂಗತಿ ಅಷ್ಟು ಸರಳ ಅಲ್ಲ. ರಕ್ತದಲ್ಲಿ ಏರುವ ಎಂಡಾರ್ಫಿನ್, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಸುಲಭವಾಗಿ ದಾಟುವುದಿಲ್ಲ. 2021ರಲ್ಲಿ ಜರ್ಮನಿಯ ಸಂಶೋಧಕರು 63 ಮಂದಿಯನ್ನು 45 ನಿಮಿಷ ಓಡಿಸಿ ನೋಡಿದರು. ಓಡುವ ಮುಂಚೆ ಕೆಲವರಿಗೆ ಎಂಡಾರ್ಫಿನ್ ಕೆಲಸ ಮಾಡದಂತೆ ತಡೆಯುವ ಔಷಧಿ ಕೊಟ್ಟಿದ್ದರು. ಔಷಧಿ ತಗೊಂಡವರಿಗೂ ಓಟದ ಖುಷಿ ಹಾಗೇ ಬಂತು, ಆತಂಕವೂ ಹಾಗೇ ಇಳಿಯಿತು. ಹಾಗಾಗಿ ಈಗ ಜಾಸ್ತಿ ಅನುಮಾನ ಇರುವುದು ಎಂಡೊಕ್ಯಾನಬಿನಾಯ್ಡ್ ಎಂಬ, ದೇಹವೇ ತಯಾರಿಸುವ ಬೇರೊಂದು ಬಗೆಯ ವಸ್ತುಗಳ ಮೇಲೆ. ಗಾಂಜಾದೊಳಗಿನ ಅಂಶ ಮಿದುಳಿನಲ್ಲಿ ಹೋಗಿ ಕೂರುವ ಜಾಗಗಳಲ್ಲೇ ಇವೂ ಕೂರುತ್ತವೆ. ಇವು ಮಿದುಳಿನೊಳಗೆ ಸುಲಭವಾಗಿ ನುಗ್ಗುತ್ತವೆ. ಹೆಸರು ಯಾವುದಾದರೂ ಇರಲಿ, ಬೆಟ್ಟ ಹತ್ತಿ ಬಂಡೆಗೆ ಒರಗಿದಾಗ ಬರುವ ಆ ನಿರಾಳ ಬರೀ ಭ್ರಮೆ ಅಲ್ಲ.

ನಿದ್ದೆಯದ್ದು ಇನ್ನೂ ನೇರವಾದ ಕಥೆ. ಕೊಲರಾಡೊದ ಕೆನೆತ್ ರೈಟ್ ಮತ್ತು ತಂಡ ಎಂಟು ಮಂದಿಯನ್ನು ಒಂದು ವಾರ ಬೆಟ್ಟದ ಡೇರೆಗಳಲ್ಲಿ ಇರಿಸಿದರು. ಟಾರ್ಚ್ ಇಲ್ಲ, ಮೊಬೈಲ್ ಇಲ್ಲ, ಬೆಳಕು ಅಂದರೆ ಸೂರ್ಯ ಮತ್ತು ಸಂಜೆಯ ಬೆಂಕಿ ಮಾತ್ರ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಸುಮಾರು ಎರಡು ತಾಸು ಬೇಗ ಏರಲು ಶುರುವಾಗಿತ್ತು. ಎಂಟೇ ಜನ, ಸಣ್ಣ ಪ್ರಯೋಗ ನಿಜ. ಆದರೆ ಟ್ರೆಕ್ಕಿಂಗ್ ಹೋದವರು ಒಂಬತ್ತಕ್ಕೇ ಚಾಪೆ ಹುಡುಕುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಿದ್ದೆ ಸರಿಹೋದರೆ ಮರುದಿನದ ಸಿಟ್ಟು ಸಿಡುಕು ಅರ್ಧ ಇಳಿದ ಹಾಗೆಯೇ.

ನನಗೆ ಇವೆಲ್ಲಕ್ಕಿಂತ ದೊಡ್ಡದು ಅನಿಸುವುದು ಮೂರನೆಯ ಅನುಭವ, ಹೊಸದೊಂದು ಕೈಗೆ ಹತ್ತುವುದು. ಮೂವತ್ತು ನಲವತ್ತು ದಾಟಿದವರ ಬದುಕಿನಲ್ಲಿ ಇದು ತೀರಾ ಅಪರೂಪ. ಹತ್ತು ವರ್ಷ ಮಾಡಿದ ಕೆಲಸವನ್ನೇ ಮಾಡುತ್ತಿರುತ್ತೇವೆ. ಚೆನ್ನಾಗಿ ಮಾಡಿದರೆ ಯಾರೂ ಕೇಳುವುದಿಲ್ಲ, ತಪ್ಪಾದರೆ ಎಲ್ಲರೂ ಕೇಳುತ್ತಾರೆ. ಕಡಲಿನಲ್ಲಿ ಹಾಗಲ್ಲ. ಬೆಳಗ್ಗೆಯಿಂದ ಬಿದ್ದವರು ಮಧ್ಯಾಹ್ನದ ಹೊತ್ತಿಗೆ ಬೋರ್ಡಿನ ಮೇಲೆ ಎರಡು ಕ್ಷಣ ನಿಂತರೆ ಅದು ಅವರಿಗೂ ಗೊತ್ತಾಗುತ್ತದೆ, ದಡದಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಅಪ್ರೈಸಲ್ ಬರುವವರೆಗೆ ಕಾಯಬೇಕಾಗಿಲ್ಲ. ಅಲೆ ಸುಳ್ಳು ಹೊಗಳುವುದಿಲ್ಲ, ಹಗೆಯನ್ನೂ ಸಾಧಿಸುವುದಿಲ್ಲ.

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ 1970ರ ದಶಕದಲ್ಲಿ ಬಂಡೆ ಹತ್ತುವವರು, ಚೆಸ್ ಆಡುವವರು, ಕುಣಿಯುವವರನ್ನು ಮಾತಾಡಿಸಿ ಗುರುತಿಸಿದ್ದೂ ಇದೇ ಜಾಡಿನ ಸಂಗತಿ. ಕೆಲಸದ ಕಷ್ಟ ಮತ್ತು ನಮ್ಮ ಕೈಚಳಕ ಸರಿಸಮ ಇದ್ದಾಗ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕಷ್ಟ ಜಾಸ್ತಿಯಾದರೆ ಗಾಬರಿ, ಕಡಿಮೆಯಾದರೆ ಬೇಜಾರು. ಒಳ್ಳೆಯ ಗೈಡ್ ಈ ಹದವನ್ನು ಹಿಡಿಯುತ್ತಾನೆ. ಹೊಸಬರನ್ನು ದೊಡ್ಡ ಅಲೆಗೆ ಬಿಡುವುದಿಲ್ಲ, ಕಲಿತವರನ್ನು ನೊರೆಯಲ್ಲೇ ಕೂರಿಸುವುದೂ ಇಲ್ಲ. ಇಂಥ ರಜೆಗೆ ದುಡ್ಡು ಕೊಡುವಾಗ ಹೋಟೆಲಿನ ಕೋಣೆಗಿಂತ ಗೈಡಿನ ಬಗ್ಗೆ ಜಾಸ್ತಿ ವಿಚಾರಿಸುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಹೆದರಿಕೆಗೂ ಇಲ್ಲೊಂದು ಪಾತ್ರ ಇದೆ. ಎದೆ ಡವಗುಟ್ಟುವುದು, ಉಸಿರು ಏರುವುದು, ಅಂಗೈ ಬೆವರುವುದು ಇವೆಲ್ಲ ಆತಂಕದ ಲಕ್ಷಣಗಳೂ ಹೌದು, ಏರು ಹತ್ತುವಾಗಿನ ಲಕ್ಷಣಗಳೂ ಹೌದು. ಆತಂಕದಿಂದ ಬಳಲುವವರು ಎದೆಬಡಿತ ಏರಿದರೆ ಸಾಕು, ಏನೋ ಆಗಿಬಿಡುತ್ತದೆ ಎಂದು ಹೆದರುತ್ತಾರೆ. ಅದೇ ಎದೆಬಡಿತ ಬೆಟ್ಟದಲ್ಲಿ ಏರಿ, ನೆರಳಲ್ಲಿ ಐದು ನಿಮಿಷ ಕೂತರೆ ತಾನಾಗಿ ಇಳಿಯುತ್ತದೆ. ಮತ್ತೆ ಏರುತ್ತದೆ, ಮತ್ತೆ ಇಳಿಯುತ್ತದೆ. ಏನೂ ಆಗಲಿಲ್ಲ ಎನ್ನುವುದನ್ನು ಮೈ ಕಲಿಯುತ್ತದೆ. ಬಾಯಿಮಾತಿನಲ್ಲಿ ಎಷ್ಟು ಧೈರ್ಯ ಹೇಳಿದರೂ ಇದು ಸಿಗುವುದಿಲ್ಲ.

ಗುಂಪಿನ ವಿಷಯಕ್ಕೆ ಬಂದರೆ, ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ನೋಡಬೇಕು. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನದಿಗೆ ರಭಸ ಬರುತ್ತದೆ. ಗಾಳಿ ತುಂಬಿದ ದೋಣಿಯಲ್ಲಿ ಬೆಳಗ್ಗೆವರೆಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರದವರು ಎರಡು ಸಾಲಾಗಿ ಕೂರುತ್ತಾರೆ. ಹಿಂದೆ ಕೂತ ಗೈಡ್ "ಫಾರ್ವರ್ಡ್!" ಎಂದು ಕೂಗಿದರೆ ಎಲ್ಲರೂ ಒಟ್ಟಿಗೆ ಹುಟ್ಟು ಹಾಕಬೇಕು. ಒಬ್ಬರು ಮುಂಚೆ, ಒಬ್ಬರು ಹಿಂದೆ ಆದರೆ ಹುಟ್ಟಿಗೆ ಹುಟ್ಟು ತಾಗುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಮೊದಲ ರಭಸ ದಾಟುವಾಗ ಗೊಂದಲವೋ ಗೊಂದಲ. ಎರಡನೆಯದು ಬರುವಷ್ಟರಲ್ಲಿ ಕೈಗಳೆಲ್ಲ ಒಂದೇ ತಾಳಕ್ಕೆ ಬಂದಿರುತ್ತವೆ. ದಡಕ್ಕೆ ಬಂದಾಗ ಇವರೆಲ್ಲ ಹಳೇ ದೋಸ್ತಿಗಳ ಹಾಗೆ ಕಿರುಚಾಡುತ್ತಿರುತ್ತಾರೆ.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಪಂದ್ಯದ ಆಟಗಾರರ ಮೇಲೆ ಒಂದು ಪ್ರಯೋಗ ನಡೆದಿದೆ. 12 ಮಂದಿ ಹುಟ್ಟು ಹಾಕುವ ಯಂತ್ರದ ಮೇಲೆ ಒಮ್ಮೆ ಒಂಟಿಯಾಗಿ, ಒಮ್ಮೆ ಗುಂಪಾಗಿ ಒಂದೇ ತಾಳದಲ್ಲಿ ಬೆವರು ಹರಿಸಿದರು. ಮೈಗೆ ಬಿದ್ದ ಶ್ರಮ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಆದರೆ ಗುಂಪಾಗಿ ಮಾಡಿದ ಮೇಲೆ ನೋವು ತಾಳುವ ಶಕ್ತಿ ಜಾಸ್ತಿಯಾಗಿತ್ತು. ನಮ್ಮ ನಾಟಿ ಗದ್ದೆಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಹಾಡಿಕೊಂಡೇ ಬಗ್ಗುತ್ತಿದ್ದರು. ಪಟ್ಟಣದಲ್ಲಿ ಒಬ್ಬೊಬ್ಬರೇ ಲ್ಯಾಪ್‌ಟಾಪಿನ ಮುಂದೆ ಕೂರುವವರಿಗೆ, ಇನ್ನೊಬ್ಬರ ಜೊತೆ ಮೈ ಒಂದೇ ಲಯಕ್ಕೆ ಬರುವ ಅವಕಾಶ ಎಲ್ಲಿದೆ ಹೇಳಿ? ಬೆಟ್ಟದ ಕಾಲುದಾರಿಯಲ್ಲಿ ಇನ್ನೊಂದು ಅನುಕೂಲ ಇದೆ. ಹಿಂದೆ ಮುಂದೆ ನಡೆಯುವಾಗ ಮುಖ ನೋಡಬೇಕಾಗಿಲ್ಲ. ಎದುರು ಕೂತು ಆಡಲಾಗದ ಮಾತನ್ನು ಬೆನ್ನಿಗೆ ಹೇಳಬಹುದು.

ಇಷ್ಟೆಲ್ಲ ಕೇಳಿ "ಹಾಗಾದ್ರೆ ಈ ವಾರವೇ ಹೋಗೋಣ" ಎನ್ನುವ ಮುಂಚೆ ಸ್ವಲ್ಪ ತಡೆಯಿರಿ. ಇಂಥ ರಜೆ ಕೆಡುವುದೂ ಅಷ್ಟೇ ಸುಲಭ.

ಕುಮಾರ ಪರ್ವತದ ಉದಾಹರಣೆ ನೋಡಿ. ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ 1,500 ಮೀಟರಿಗೂ ಮೀರಿದ ಏರು, ರಾಜ್ಯದ ಕಷ್ಟದ ಚಾರಣಗಳಲ್ಲಿ ಒಂದು. ಅರ್ಧ ದಾರಿಯ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆ ಹತ್ತಿದವರೆಲ್ಲರ ಬಾಯಲ್ಲೂ ಇದೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಜನ ಜಾತ್ರೆಯಂತೆ ಮುಗಿಬಿದ್ದರು. ಆ ವಿಡಿಯೊಗಳು ಎಲ್ಲೆಡೆ ಹರಿದಾಡಿದವು. ಅರಣ್ಯ ಇಲಾಖೆ ಚಾರಣವನ್ನು ಸ್ವಲ್ಪ ಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಬೇಕಾಯಿತು. ಕಾಡಿಗೆ ಇದು ಒಳ್ಳೆಯದು ಎನ್ನುವುದು ಸರಿ. ಹತ್ತುವವರ ಮನಸ್ಸಿಗೂ ಒಳ್ಳೆಯದು. ಮುಂದಿನವರ ಬ್ಯಾಗ್ ನೋಡುತ್ತಾ ಸಾಲಿನಲ್ಲಿ ನಿಂತು ಹತ್ತುವುದಕ್ಕೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಲ್ಲುವುದಕ್ಕೂ ಏನು ವ್ಯತ್ಯಾಸ?

ಗುಂಪುಗಟ್ಟಿ ಕರೆದೊಯ್ಯುವ ಪ್ಯಾಕೇಜುಗಳಲ್ಲಿ ಇನ್ನೊಂದು ತೊಂದರೆ. ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರಿನಲ್ಲಿ ಅರೆನಿದ್ದೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ, ಉಪ್ಪಿಟ್ಟು ಕೈಗಿಟ್ಟು, "ಹನ್ನೊಂದರೊಳಗೆ ತುದಿ ಮುಟ್ಟಬೇಕು" ಎಂದು ಗಡುವು. ತುದಿಯಲ್ಲಿ ರೀಲ್ಸ್‌ಗೆ ಸರದಿ. ಭಾನುವಾರ ರಾತ್ರಿ ಮತ್ತೆ ಅರೆನಿದ್ದೆ, ಸೋಮವಾರ ಬೆಳಗ್ಗೆ ನೇರ ಆಫೀಸು. ನಾಲ್ಕು ಅನುಭವಗಳ ಲೆಕ್ಕ ಇಲ್ಲಿ ಹಾಕಿ ನೋಡಿ. ಹೊತ್ತು ನಿಮ್ಮ ಕೈಯಲ್ಲಿಲ್ಲ, ಸಡಿಲಾಗಲು ಬಿಡುವಿಲ್ಲ, ನಿದ್ದೆ ಮೊದಲಿಗಿಂತ ಕೆಟ್ಟಿದೆ. ಉಳಿದದ್ದು ಫೋಟೊ. ನಿಧಾನಕ್ಕೆ ನಡೆಯುವವರಿಗಂತೂ "ಬೇಗ ಬನ್ನಿ, ನಿಮ್ಮಿಂದ ಲೇಟ್ ಆಗ್ತಿದೆ" ಎಂಬ ಮಾತು ಕೇಳಿಸಿಕೊಂಡು ಅವಮಾನ ಬೇರೆ. ಮಳೆಗಾಲವಾದರೆ ಕಾಲಿಗೆ ಇಂಬಳ ಹತ್ತಿ, ಅದಕ್ಕೆ ಉಪ್ಪು ಹುಡುಕುವುದಕ್ಕೂ ನಿಲ್ಲಲು ಬಿಡುವುದಿಲ್ಲ.

ನೆದರ್ಲೆಂಡ್ಸ್‌ನಲ್ಲಿ ಯೆರೂನ್ ನಾವೈನ್ ಮತ್ತು ಸಂಗಡಿಗರು 1,530 ಜನರನ್ನು ಅಧ್ಯಯನ ಮಾಡಿ 2010ರಲ್ಲಿ ಹೇಳಿದ್ದು ಇದಕ್ಕೆ ಹೊಂದುತ್ತದೆ. ಪ್ರವಾಸ ಮುಗಿಸಿ ಬಂದವರು, ಹೋಗದೇ ಉಳಿದವರಿಗಿಂತ ಖುಷಿಯಾಗಿ ಏನೂ ಇರಲಿಲ್ಲ. ತುಂಬಾ ನಿರಾಳವಾಗಿ ರಜೆ ಕಳೆದೆವು ಎಂದವರಲ್ಲಿ ಮಾತ್ರ ಖುಷಿ ಸ್ವಲ್ಪ ಉಳಿದಿತ್ತು. ಮೈ ದಣಿಯಲಿ, ಪರವಾಗಿಲ್ಲ. ಗಡಿಬಿಡಿ ಮಾತ್ರ ಬೇಡ.

ಖುಷಿ ಬೇಗ ಕರಗುವುದೂ ನಿಜ. ಅದೇ ದೇಶದ ಯೆಸ್ಸಿಕಾ ದೆ ಬ್ಲೂಮ್ ಹಿಮದಾಟಗಳ ರಜೆಗೆ ಹೋದ 96 ಉದ್ಯೋಗಿಗಳನ್ನು ಹೋಗುವ ಮುಂಚೆ, ಹೋದಾಗ, ಬಂದ ಮೇಲೆ ವಿಚಾರಿಸಿದರು. ರಜೆಯಲ್ಲಿ ಆರೋಗ್ಯ, ಉತ್ಸಾಹ ಎಲ್ಲ ಮೇಲೇರಿತ್ತು. ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಹೆಚ್ಚಿನದು ಹಳೇ ಮಟ್ಟಕ್ಕೆ ಇಳಿದಿತ್ತು. ಇದನ್ನು ಓದಿ ನಿರಾಶೆ ಪಡಬೇಕಾಗಿಲ್ಲ. ರಾತ್ರಿಯ ನಿದ್ದೆಯೂ ಮರುದಿನಕ್ಕಷ್ಟೇ ಬರುತ್ತದೆ, ಹಾಗಂತ ಮಲಗುವುದನ್ನು ಬಿಡುತ್ತೇವಾ? ವರ್ಷಕ್ಕೊಂದು ಉದ್ದದ ಪ್ರವಾಸದ ಜೊತೆಗೆ ಸಣ್ಣ ಸಣ್ಣ ರಜೆಗಳನ್ನು ಅಲ್ಲಲ್ಲಿ ಇಟ್ಟುಕೊಳ್ಳುವುದು ಇದಕ್ಕೊಂದು ದಾರಿ. ಇನ್ನೊಂದು ದಾರಿ, ಅಲ್ಲಿ ಶುರು ಮಾಡಿದ್ದರ ಎಳೆಯನ್ನು ಇಲ್ಲೂ ಹಿಡಿದುಕೊಳ್ಳುವುದು. ಸರ್ಫಿಂಗ್ ಕಲಿತು ಬಂದವರು ಊರಿನ ಈಜುಕೊಳಕ್ಕೆ ಸೇರಬಹುದು. ಬೆಟ್ಟ ಹತ್ತಿದವರು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮ ಬೇಕು ಎನ್ನುತ್ತದೆ. ಮುಂದಿನ ಚಾರಣದ ತಯಾರಿ ಎಂದುಕೊಂಡರೆ ಆ ನಿಮಿಷಗಳು ಸಲೀಸಾಗಿ ಕಳೆಯುತ್ತವೆ.

ಒಂದು ಮಾತನ್ನು ಮಾತ್ರ ನೇರವಾಗಿ ಹೇಳಬೇಕು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಖಿನ್ನತೆ ಹಿಡಿದವರಿಗೆ "ಒಂದು ಟ್ರೆಕ್ ಹೋಗಿ ಬಾ, ಸರಿ ಹೋಗ್ತೀಯ" ಎನ್ನುವುದು ಕಾಲು ಮುರಿದವರಿಗೆ ನಡೆ ಎಂದಷ್ಟೇ ಕ್ರೂರ. ಹಾಸಿಗೆಯಿಂದ ಏಳಲೂ ಆಗದವರಿಗೆ ಬೆಟ್ಟ ಹತ್ತು ಎಂದರೆ ತಪ್ಪಿತಸ್ಥ ಭಾವ ಇನ್ನಷ್ಟು ಏರುತ್ತದೆ. ಎರಡು ವಾರ ದಾಟಿದರೂ ನಿದ್ದೆ, ಹಸಿವು, ಆಸಕ್ತಿ ಮರಳದಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಔಷಧಿ ತಗೊಳ್ಳುತ್ತಿರುವವರು ಇಂಥ ರಜೆಗೆ ಹೋಗಬಾರದು ಅಂತೇನಿಲ್ಲ. ವೈದ್ಯರಿಗೆ ಹೇಳಿ, ಗುಳಿಗೆ ಮರೆಯದೆ ಜೊತೆಗಿಟ್ಟುಕೊಂಡು ಹೋದರಾಯಿತು.

ನೆದರ್ಲೆಂಡ್ಸ್‌ನ ಆ 1,530 ಜನರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು, ನನಗೆ ಬಹಳ ಹಿಡಿಸಿದ್ದು. ಪ್ರವಾಸಕ್ಕೆ ಹೋಗುವವರು, ಹೋಗದವರಿಗಿಂತ ಹೊರಡುವ ಮುಂಚೆಯೇ ಜಾಸ್ತಿ ಖುಷಿಯಾಗಿದ್ದರು. ಎದುರುನೋಡುವುದರಲ್ಲೂ ರಜೆಯ ಪಾಲಿದೆ, ಅಲ್ವಾ? ಹಾಗಾಗಿ ಹೋಗುವ ಹಿಂದಿನ ವಾರ ಅವಸರದಲ್ಲಿ ಗೊತ್ತು ಮಾಡುವ ಬದಲು ಎರಡು ಮೂರು ತಿಂಗಳು ಮುಂಚೆಯೇ ದಿನ ಗೊತ್ತು ಮಾಡಿ. ವಾಪಸ್ ಬಂದ ಮರುದಿನಕ್ಕೂ ಒಂದು ರಜೆ ಈಗಲೇ ಹಾಕಿಡಿ. ಬಟ್ಟೆ ಒಗೆಯುವುದಕ್ಕೆ, ಕಾಲಿಗೆ ಎಣ್ಣೆ ತಿಕ್ಕುವುದಕ್ಕೆ ಅದು ಬೇಕು. ಮುಲ್ಕಿಗೆ ಹೋಗುವುದಾದರೆ ಮಳೆಗಾಲದ ಕಡಲು ಹೊಸಬರಿಗಲ್ಲ. ಅಕ್ಟೋಬರ್ ದಾಟಿದ ಮೇಲೆ ಅಲೆ ಹದಕ್ಕೆ ಬರುತ್ತದೆ, ಬೇಸಿಗೆಯವರೆಗೂ ಕಲಿಯಬಹುದು.